ಹದಿನಾರು ಚುಕ್ಕೆಯೊಳಗಿನ ಎರಡು ಮುಖ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬರೆದ ಆಕಳನ್ನು ಮನೆಯವರು ಮಂಚ ಎಂದುಕೊಂಡದ್ದುಂಟು. ಆದರೂ ತೊಂಬತ್ತರ ದಶಕದ ಕೊನೆಯಲ್ಲಿ, ಸಿಂಧನೂರಿನಲ್ಲಿ ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾಗ, ಒಂದು ಚಿತ್ರದ ಹಿಂದೆ ಬಿದ್ದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ.

ಭತ್ತದ ವ್ಯಾಪಾರಿ ಶರಣಪ್ಪನವರ ಅಂಗಡಿ ನಮ್ಮೂರಲ್ಲಿ, ಅವರ ತಮ್ಮ ಬಸವರಾಜನದು ಮಸ್ಕಿಯಲ್ಲಿ. ವ್ಯಾಪಾರ ಒಂದೇ, ಮಾತು ಮಾತ್ರ ಇಲ್ಲ. ತಂಗಿಯ ಮದುವೆಯಲ್ಲಿ ಏನೋ ಅಂದುಕೊಂಡು ಮುನಿಸಿಕೊಂಡಿದ್ದರು. ಬಾಯಿ ಬಿಡದೆ ದರ ತಿಳಿಸಬೇಕಲ್ಲ, ಅದಕ್ಕೇ ಎರಡೂ ಅಂಗಡಿಯ ಕಂಪ್ಯೂಟರುಗಳನ್ನು ಫೋನ್ ತಂತಿಯಿಂದ ಜೋಡಿಸುವ ಕೆಲಸ ನನಗೆ ಬಂತು. ಜೋಡಣೆ ಆಗಿದೆಯೋ ಇಲ್ಲವೋ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಪುಟ್ಟ ಚಿತ್ರವೂ ನನ್ನ ಪಾಲಿಗೇ ಬಂತು.

ಎತ್ತನ್ನು ಬರೆಯಬಹುದು, ಹಗ್ಗವನ್ನೂ ಬರೆಯಬಹುದು. ನಂಟನ್ನು ಬರೆಯುವುದು ಹೇಗೆ? ಮಸ್ಕಿಯಲ್ಲಿ ಶಾಸನ ಬರೆಸಿದ ಅರಸನಿಗೆ ಇಡೀ ಬಂಡೆ ಸಿಕ್ಕಿತ್ತು. ನನಗೆ ಸಿಕ್ಕಿದ್ದು ಉದ್ದಕ್ಕೆ ಹದಿನಾರು, ಅಗಲಕ್ಕೆ ಹದಿನಾರು ಚುಕ್ಕೆ. ಮೊದಲು ದೀಪ ಬರೆದೆ. ಉರಿದರೆ ಜೋಡಣೆ ಇದೆ, ಆರಿದರೆ ಇಲ್ಲ. ವಿಭೂತಿ ಹಚ್ಚಿಕೊಂಡು ಬಂದು ಕೂತ ಶರಣಪ್ಪನವರು ಪರದೆಯಲ್ಲಿ ಆರಿದ ದೀಪ ನೋಡಿ ಮುಖ ಸಿಂಡರಿಸಿದರು.

"ಅಂಗಡಿ ತಗದ ಕೂಡ್ಲೇ ಇಂಥಾ ದೀಪ ತೋರಸ್ತೀರೇನ್ರೀ? ತಗೀರಿ ಅದನ್ನ."

ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಮನೆಯಲ್ಲೇ ಹುಟ್ಟಿದ್ದರೂ ಆರಿದ ದೀಪ ಅಪಶಕುನ ಎಂಬುದು ನನಗೆ ಹೊಳೆದಿರಲಿಲ್ಲ.

ಎರಡನೆಯ ಸಲ ಎರಡು ಮುಖ ಬರೆದೆ. ಮೂಗಿಗೆ ಒಂದು ಚುಕ್ಕೆ. ಅದು ಇದ್ದ ಕಡೆಗೆ ಮುಖ. ಎದುರುಬದುರಾದರೆ ಜೋಡಣೆ, ಬೆನ್ನಿಗೆ ಬೆನ್ನಾದರೆ ಇಲ್ಲ. ಕರೆ ಹೋಗುತ್ತಿರುವಾಗ ಒಂದು ಮುಖ ಮಾತ್ರ ಇನ್ನೊಂದರ ಕಡೆ ತಿರುಗುತ್ತದೆ. ಯಾರ ಅಂಗಡಿಗೆ ಏನು ಬರೆದೆ ಎಂಬುದು ಶರಣಪ್ಪನವರು ಪರದೆಯ ಮುಂದೆ ಕೂತ ಮೇಲಷ್ಟೇ ನನ್ನ ತಲೆಗೆ ಬಂತು. ಕೆಲಸ ಕೈತಪ್ಪಿತು ಎಂದುಕೊಂಡೆ.

ಮಸ್ಕಿಗೆ ಕರೆ ಹಚ್ಚಿದೆ. ಒಂದು ಮುಖ ತಿರುಗಿತು, ಅವರು ಅದರ ಮೇಲೆ ಬೆರಳಿಟ್ಟರು.

"ಈ ತಿರುಗಿದಾಂವ ಯಾರು?"

"ನೀವೇರಿ. ನೀವು ಕರ್ಯಾಕತ್ತೀರಿ."

"ಅವ ಯಾವಾಗ ತಿರುಗ್ತಾನ?"

"ಆ ಕಡಿ ಓಗೊಟ್ರ, ಅವಾಗ."

ಮಸ್ಕಿಯಲ್ಲಿ ಕರೆಂಟು ಹೋಗಿತ್ತೋ ಏನೋ, ಇನ್ನೊಂದು ಮುಖ ತಿರುಗಲೇ ಇಲ್ಲ. ಒಂದು ಮುಖ ಮಾತ್ರ ಕಾಯುತ್ತ ಕೂತಿತ್ತು.

"ಮಷೀನು ಬಿಡ್ರಿ. ಫೋನು ಕೊಡ್ರಿ ಇಲ್ಲಿ," ಎಂದರು.

ಇದ್ದದ್ದು ಒಂದೇ ತಂತಿ. ಕಂಪ್ಯೂಟರಿನಿಂದ ಕಿತ್ತು ಫೋನಿಗೆ ಸಿಕ್ಕಿಸಿದೆ. ಕಾಯುತ್ತಿದ್ದ ಮುಖವೂ ಬೆನ್ನು ತಿರುಗಿಸಿತು. ಫೋನಿಗೆ ಕರೆಂಟಿನ ಹಂಗಿಲ್ಲ, ತಮ್ಮನೇ ಎತ್ತಿದ.

"ಬಸ್ಯಾ, ನಾನಲೇ. ಉಂಡೀಯೇನು?"

ಅಣ್ಣತಮ್ಮಂದಿರು ಮಾತಾಡಿದಷ್ಟು ಹೊತ್ತೂ ಪರದೆಯ ಮೂಲೆಯಲ್ಲಿ ಆ ಎರಡು ಮುಖಗಳು ಬೆನ್ನಿಗೆ ಬೆನ್ನು ಹಾಕಿಕೊಂಡೇ ಕೂತಿದ್ದವು. ನಾನು ಬರೆದ ಚಿತ್ರ ಅಷ್ಟು ಚೆನ್ನಾಗಿ ಸುಳ್ಳಾದದ್ದು ಅದೊಂದೇ ಸಲ.