ಎತ್ತದೆ ಬಿಟ್ಟ ಎರಡು ಕರೆ

ಬಟ್ಟೆ ಕೊಳ್ಳಲು ಹೋದಾಗ ದರ ಕೇಳಿ, ಏನೂ ಹೇಳದೆ ಎದ್ದು ನಡೆಯಬೇಕು. ತಿರುಗಿ ನೋಡಬಾರದು. ಹತ್ತು ಹೆಜ್ಜೆಯೊಳಗೆ ಕರೆಯುತ್ತಾರೆ. ಕುವೈತಿಗೆ ಮನೆಗೆಲಸಕ್ಕೆ ಬಂದ ನಾನು ಸಾಲ್ಮಿಯಾದಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟದ್ದು ಈ ಒಂದು ವಿದ್ಯೆಯಿಂದ. ನನಗೆ ಬಟ್ಟೆ ಮಾರುವ ಬ್ಯಾರಿ ವ್ಯಾಪಾರಿ ನಮ್ಮ ಊರ ಕಡೆಯವರೇ. "ಬನ್ನಿ ಬಾಯಮ್ಮ, ಕೂತ್ಕೊಳ್ಳಿ. ನಿಮ್ಮ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದ್ದು," ಎನ್ನುತ್ತಿದ್ದರು.

ನನ್ನಲ್ಲಿ ಹೊಲಿಯುತ್ತಿದ್ದವಳು ಬರ್ಮಾದ ಗಡಿಬೆಟ್ಟಗಳ ಕರೆನ್ ಬುಡಕಟ್ಟಿನ ಹೆಂಗಸು. ಅಲ್ಲಿ ಆಳುವುದು ಸೈನ್ಯ. ಅವಳ ಜನ ಅಜ್ಜನ ಕಾಲದಿಂದಲೂ ಅದರ ಎದುರು ಕೋವಿ ಹಿಡಿದವರು; ಅವಳ ಅಪ್ಪ ಕಾಡಿನಲ್ಲೇ ಸತ್ತ. ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡ ಮೇಲೆ, ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಗಂಡನೂ ಕಾಡಿನ ಆ ಹೋರಾಟಗಾರರನ್ನು ಸೇರಿದ. ಮಗಳು ಅಜ್ಜಿಯ ಜೊತೆ ನದಿಯಾಚೆ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ. ಗಂಡ ಆ ನದಿ ದಾಟಿ ಮಗಳ ಹತ್ತಿರ ಹೋಗಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅವನಿದ್ದಲ್ಲಿ ಸಿಗ್ನಲ್ ಇರಲಿಲ್ಲ. ಇಲ್ಲಿ ವಾರದ ರಜೆಯಾದ ಶುಕ್ರವಾರ, ಅವಳು ಇಗರ್ಜಿ ಮುಗಿಸಿ ಅಂಗಡಿಗೆ ಬರುವ ಹೊತ್ತಿಗೆ, ಗುಡ್ಡದ ನೆತ್ತಿ ಹತ್ತಿ ಫೋನ್ ಮಾಡುತ್ತಿದ್ದ. ಅವಳು ಪ್ರತಿ ಸಲ ಅಳುವುದು, ಅವನು ಪ್ರತಿ ಸಲ ಈ ಮಳೆಗಾಲ ಮುಗಿಯಲಿ ಅನ್ನುವುದು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಹರಕು ಹಿಂದಿ. ಅದರಲ್ಲೇ ಬುದ್ಧಿ ಹೇಳಿದೆ.

"ನೀನು ಬೇಡಿಕೊಳ್ತಿ, ಅದಕ್ಕೇ ಅವನು ಜಗ್ಗುವುದಿಲ್ಲ. ಮೂರು ಶುಕ್ರವಾರ ಫೋನ್ ಎತ್ತಬೇಡ. ತಾನಾಗಿ ಇಳಿದು ಬರ್ತಾನೆ."

"ಅವರು ಅಂಗಡಿಯವರಲ್ಲ ದೀದಿ."

"ಗಂಡಸರೆಲ್ಲ ಅಂಗಡಿಯವರೇ ಮಾರಾಯ್ತಿ."

ಅವಳು ನಕ್ಕಳು. ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ನನ್ನ ಅಂಗಡಿಗೆ ಬದಲಾಯಿಸಲು, ಅವಳನ್ನು ಮೊದಲು ಕೆಲಸಕ್ಕೆ ತರಿಸಿಕೊಂಡಿದ್ದ ಹಳೆಯ ಕಫೀಲನ ಹತ್ತಿರ ಚೌಕಾಸಿ ಮಾಡಿ ಗೆದ್ದವಳು ನಾನು. ನನ್ನ ಮಾತು ಸುಳ್ಳಾದದ್ದನ್ನು ಅವಳು ಕಂಡಿರಲಿಲ್ಲ.

ಮೊದಲ ಶುಕ್ರವಾರ ಮೆಷಿನ್ನಿನ ಹಲಗೆಯ ಮೇಲೆ ಫೋನ್ ರಿಂಗಾಯಿತು. ಅವಳ ಕೈ ಹೋಯಿತು. ನಾನು ಆ ಕೈಯ ಮೇಲೆ ನನ್ನ ಕೈ ಇಟ್ಟು, ಅದು ನಿಲ್ಲುವವರೆಗೆ ಒತ್ತಿ ಹಿಡಿದೆ. ಎರಡನೆಯ ಶುಕ್ರವಾರ ನಾನು ಹಿಡಿಯಬೇಕಾಗಲಿಲ್ಲ. ಅವಳೇ ಎದ್ದು ಹೋಗಿ ಇಸ್ತ್ರಿಗೆ ನಿಂತಳು. ಶಹಬ್ಬಾಸ್ ಎಂದೆ. ಮೂರನೆಯ ಶುಕ್ರವಾರ ಫೋನ್ ಬರಲೇ ಇಲ್ಲ.

"ಹೊರಟಿರಬೇಕು," ಎಂದೆ. ಗೆದ್ದವಳ ಹಾಗೆ ಎಂದೆ.

ಅವಳು ಅವತ್ತೇ ಶಿಬಿರದಿಂದ ಮಗಳ ಅಳತೆ ತರಿಸಿಕೊಂಡು, ಅಪ್ಪ ಬಂದ ದಿನ ಹಾಕಿಕೊಳ್ಳಲಿ ಎಂದು ಹಳದಿ ಫ್ರಾಕು ಕತ್ತರಿಸಿದಳು.

ಅದಕ್ಕೆ ತೋಳು ಹಚ್ಚುತ್ತಿದ್ದಾಗ ಗಂಡನ ಸಂಗಾತಿಯೊಬ್ಬ ಫೋನ್ ಮಾಡಿದ. ಆ ಎರಡನೆಯ ಶುಕ್ರವಾರ ಕಳೆದು ಮೂರನೆಯ ದಿನ ಸೈನ್ಯದ ವಿಮಾನ ಬಂದು ಬಾಂಬು ಹಾಕಿತ್ತಂತೆ. ಅವನನ್ನು ಹೂಳಿ ಆಗಿತ್ತು. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ನನಗೆ ಹಿಂದಿಯಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು. ಎರಡೂ ಶುಕ್ರವಾರ ಅವನು ಗುಡ್ಡ ಇಳಿದು ಬಂದಾಗ ಸಂಗಾತಿಗಳು ಕೇಳಿದರಂತೆ, ಹೆಂಡತಿ ಏನಂದಳು ಎಂದು.

"ಮಾತಾಡಿದೆ, ಚೆನ್ನಾಗಿದ್ದಾಳೆ ಅಂದರಂತೆ ದೀದಿ."

ನನ್ನನ್ನು ಬೈಯಿ ಎಂದು ಕೇಳಿಕೊಂಡೆ. ಜೀವನದಲ್ಲಿ ಯಾರ ಹತ್ತಿರವೂ ಅಷ್ಟು ಬೇಡಿದವಳಲ್ಲ ನಾನು. ಅವಳು ಬೈಯಲಿಲ್ಲ.

"ಮೊದಲನೇ ಸಲ ನಿಮ್ಮ ಕೈ ಇತ್ತು," ಎಂದಳು. "ಎರಡನೇ ಸಲ ನಂದೇ."

ಫ್ರಾಕು ಮುಗಿಸಿ ಕಳಿಸಿದಳು. ಈಗಲೂ ನನ್ನಲ್ಲೇ ಹೊಲಿಯುತ್ತಾಳೆ. ಶುಕ್ರವಾರ ಫೋನನ್ನು ಹಲಗೆಯ ಮೇಲೆ ಅದೇ ಜಾಗದಲ್ಲಿ ಇಡುತ್ತಾಳೆ.

ಮೊನ್ನೆ ಬಟ್ಟೆಯಂಗಡಿಯವರು ದರ ಹೇಳಿ, ನಗುತ್ತಾ ನನ್ನನ್ನೇ ನೋಡಿದರು. "ಜಾಸ್ತಿಯೇ ಹೇಳಿದ್ದೇನೆ ಬಾಯಮ್ಮ. ಏಳಿ, ನಡೀರಿ, ಕರೀತೇನೆ."

ಏಳಲು ಆಗಲಿಲ್ಲ. ಕೂತೇ ಇದ್ದೆ.