ಡ್ರಿಲ್ಲಿಂಗ್ ಮಷೀನಿಗೆ ಕಟ್ಟಿದ ಏತ

ಗಂಡಸು ರಿಟೈರ್ ಆದ ಮೇಲೆ ಅಡುಗೆಮನೆಗೆ ಬರುತ್ತಾನೆ. ಮದುವೆ ಮಾಡಿಸುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಯವರು ಬರಲಿಲ್ಲ, ಯಾಕೆಂದರೆ ಅವರ ಹತ್ತಿರ ಡ್ರಿಲ್ಲಿಂಗ್ ಮಷೀನು ಇತ್ತು.

ಅವರು ಈ ಇಂಗ್ಲಿಷರ ದೇಶದಲ್ಲಿ, ಗ್ರೀನ್‌ಫರ್ಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಉಳಿದವರು ಕೈಕುಲುಕಿ ಮನೆಗೆ ಹೋದರು. ಇವರು ಯಾರಿಗೂ ಬೇಡವಾಗಿದ್ದ ಒಂದು ಹಳೇ ಮಷೀನನ್ನು ವ್ಯಾನಿನಲ್ಲಿ ಹಾಕಿಸಿಕೊಂಡು ಕೆಂಟನ್ನಿನ ನಮ್ಮ ಮನೆಗೆ ತಂದರು. ಅದು ಗ್ಯಾರೇಜಿನ ಒಳಗೆ ಹೋಯಿತು, ಕಾರು ರಸ್ತೆಗೆ ಬಂತು.

ಆಳೆತ್ತರದ ಕಬ್ಬಿಣ. ಒಂದು ದಪ್ಪ ಕಂಬ, ಕಂಬದ ತಲೆಯಲ್ಲಿ ಮೋಟರು ಮತ್ತು ಕೊರೆಯುವ ಮೂತಿ, ಹೊಟ್ಟೆಯ ಮಟ್ಟದಲ್ಲಿ ಒಂದು ಟೇಬಲ್ಲು. ಊಟದ ಟೇಬಲ್ಲಲ್ಲ, ಎರಕದ ಕಬ್ಬಿಣದ ಹಲಗೆ. ಕೊರೆಯಬೇಕಾದ ವಸ್ತುವನ್ನು ಅದರ ಮೇಲೆ ಇಡುವುದು. ವಸ್ತು ಎತ್ತರವಾಗಿದ್ದರೆ ಟೇಬಲ್ಲು ಕೆಳಗಿಳಿಯಬೇಕು, ತಟ್ಟೆಯಂಥದ್ದಾದರೆ ಮೇಲೇರಬೇಕು. ಬೇರೆ ಮಷೀನುಗಳಲ್ಲಿ ಅದಕ್ಕೊಂದು ತಿರುಗಿಸುವ ಹಿಡಿಕೆ ಇರುತ್ತದಂತೆ. ಇದರಲ್ಲಿ ಇರಲಿಲ್ಲ. ಬೋಲ್ಟು ಸಡಿಲಿಸಿ, ಟೇಬಲ್ಲನ್ನು ಎರಡೂ ಕೈಯಿಂದ ಅಪ್ಪಿಕೊಂಡು ಎತ್ತಿ, ಮೊಣಕಾಲು ಕೊಟ್ಟು ಹಿಡಿದು, ಮತ್ತೆ ಬೋಲ್ಟು ಬಿಗಿಯಬೇಕು. ನನ್ನನ್ನು ಅವರು ಹಾಗೆ ಅಪ್ಪಿಕೊಂಡದ್ದು ನೆನಪಿಲ್ಲ.

ಕೆಲಸಕ್ಕೇನೂ ಕೊರತೆ ಇರಲಿಲ್ಲ. ಹ್ಯಾರೋದಿಂದ ವೆಂಬ್ಲಿವರೆಗಿನ ನಮ್ಮ ಕಡೆಯ ಹೆಂಗಸರೆಲ್ಲ ಸೇಮಿಗೆ ಒತ್ತುವ ಒರಳಿನ ಬಿಲ್ಲೆ ಸವೆದರೆ ಇವರ ಹತ್ತಿರ ತರುತ್ತಿದ್ದರು. ಇವರು ಹೊಸ ಹಿತ್ತಾಳೆ ಬಿಲ್ಲೆಗೆ ಸಣ್ಣ ಸಣ್ಣ ತೂತು ಕೊರೆದು ಕೊಡುತ್ತಿದ್ದರು. ತುರಿಮಣೆಯ ಕಾಲು, ಪ್ರೆಶರ್ ಕುಕ್ಕರಿನ ಹಿಡಿ, ಎಲ್ಲ ಬರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿಗೆ ಹೋದರೆ ಊಟಕ್ಕೆ ಬರುವವರೆಗೆ ಮನೆ ನನ್ನದು.

ಆಮೇಲೆ ಹರ್ನಿಯಾ ಆಯಿತು. ಆಪರೇಷನ್ ಆಯಿತು. ಡಾಕ್ಟರು ಭಾರ ಎತ್ತಬೇಡಿ ಎಂದರು. ಇವರು ನಾನು ಬಟ್ಟೆ ಒಣಗಿಸಲು ಹೋದ ಹೊತ್ತು ನೋಡಿ ಟೇಬಲ್ಲು ಎತ್ತಿದರು. ಹೊಲಿಗೆ ಬಿಟ್ಟಿತು. ಎರಡನೇ ಆಪರೇಷನ್ ಆದ ಮೇಲೆ ನಮ್ಮ ಬೀದಿಯ ಡಾಕ್ಟರು, ಇಲ್ಲಿಯವರು ಹೇಳುವ ಜಿಪಿ, ನನ್ನ ಕಡೆ ತಿರುಗಿ ಹೇಳಿದರು, ಇನ್ನು ಕೆಟಲಿಗಿಂತ ಭಾರದ್ದನ್ನು ಇವರು ಎತ್ತಕೂಡದು, ಯಾವತ್ತೂ.

ಆಗ ಅಡುಗೆಮನೆಗೆ ಬಂದರು.

ಮೊದಲ ದಿನ ಸುಮ್ಮನೆ ಕುಳಿತರು. ಎರಡನೇ ದಿನ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲು ಮಾಡಿದರು. ಮೂರನೇ ದಿನ ಎಲ್ಲದಕ್ಕೂ ಚೀಟಿ ಅಂಟಿಸಿದರು, ಇಂಗ್ಲಿಷಿನಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಇಂಗ್ಲಿಷಿನಲ್ಲಿ ನನಗೆ ಓದಲು ಬರುವುದು ಬಸ್ಸಿನ ನಂಬರು ಮತ್ತು ‘ಸೇಲ್’.

ನಾಲ್ಕನೇ ದಿನ ಒಗ್ಗರಣೆಗೆ ಸಾಸಿವೆ ಹಾಕುವಾಗ ಹತ್ತಿರ ಬಂದು ನಿಂತರು.

"ಇಷ್ಟ್ ಸಾಸ್ಮಿ ಎಂತಕ್ಕೆ? ಅರ್ಧ ಚಮಚ ಸಾಕಲ್ದಾ?"

"ನಲವತ್ ವರ್ಷ ತಿಂಬತಿಗೆ ಸಾಸ್ಮಿ ಕಂಡಿಲ್ಯಾ?"

"ಆಗ ನಂಗೆ ಪುರುಸೊತ್ತ್ ಇರ್ಲಿಲ್ಲೆ."

ಪಿನ್ನರಿನಲ್ಲಿರುವ ಮಗಳಿಗೆ ಫೋನು ಮಾಡಿ ಅಪ್ಪಯ್ಯನನ್ನು ಎಲ್ಲಾದರೂ ಕರೆದುಕೊಂಡು ಹೋಗು ಎಂದೆ. ಅವಳು ಬೇರೆಯೇ ಉಪಾಯ ಮಾಡಿದಳು. ಅವಳ ಬೀದಿಯಲ್ಲಿ ಒಬ್ಬ ಇಂಗ್ಲಿಷ್ ಮುದುಕ, ಮರಗೆಲಸದ ಹುಚ್ಚಿನವನು. ಅವನು ಶನಿವಾರ ವ್ಯಾನು ತಂದು ಮಷೀನು ಒಯ್ಯುತ್ತಾನೆ ಎಂದಳು.

"ಅಮ್ಮ, ಇಟ್ಸ್ ಫಾರ್ ಹಿಸ್ ಓನ್ ಗುಡ್. ಅದು ಅಲ್ಲೇ ಇದ್ರೆ ಅಪ್ಪಯ್ಯ ಮತ್ತೆ ಎತ್ತೇ ಎತ್ತುತ್ತಾರೆ."

ಮಗಳ ಮಾತು ಸರಿಯೇ. ಆದರೆ ಮಷೀನು ಹೋದರೆ ಇವರು ಸಾಯುವವರೆಗೆ ನನ್ನ ಒಲೆಯ ಪಕ್ಕ. ಇವರ ತಂದೆ ತೊಂಬತ್ತೆರಡು ವರ್ಷ ಬದುಕಿದವರು. ಇನ್ನೆಷ್ಟು ವರ್ಷ ಎಂದು ಬೆರಳಲ್ಲಿ ಲೆಕ್ಕ ಹಾಕಿದೆ, ಬೆರಳು ಸಾಲಲಿಲ್ಲ.

ಸುದ್ದಿ ಇವರ ಕಿವಿಗೂ ಬಿತ್ತು. ಗ್ಯಾರೇಜಿಗೆ ಹೋಗಿ ಮಷೀನಿನ ಸ್ವಿಚ್ಚು ಹಾಕಿ, ಏನೂ ಕೊರೆಯದೆ ಅದರ ಸದ್ದು ಕೇಳುತ್ತ ಸ್ಟೂಲಿನ ಮೇಲೆ ಕುಳಿತರು. ಮಾರನೇ ದಿನ ಕಾರಿನ ಜಾಕ್ ತಂದು ಟೇಬಲ್ಲಿನ ಅಡಿಗೆ ಕೊಟ್ಟು ತಿರುಗಿಸಿದರು. ಟೇಬಲ್ಲು ಏರಿತು, ಸುಳ್ಳಲ್ಲ. ಒಂದು ಗೇಣು ಏರುವಷ್ಟರಲ್ಲಿ ನನ್ನ ಕುಕ್ಕರು ಮೂರು ಸಲ ಕೂಗಿತು. ಇಳಿಸಲು ಮತ್ತೆ ಮೂರು ಕೂಗು. ಅದೇ ಸಂಜೆ ಹ್ಯಾರೋದ ಹತ್ತಿರ ಕಾರಿನ ಚಕ್ರ ಪಂಕ್ಚರ್ ಆಗಿ, ಜಾಕ್ ಗ್ಯಾರೇಜಿನಲ್ಲಿ ಟೇಬಲ್ಲು ಹೊತ್ತುಕೊಂಡು ನಿಂತಿದ್ದರಿಂದ, ಇವರು ಬಸ್ಸಿನಲ್ಲಿ ಬಂದರು.

ಬುಧವಾರ ನಾನೇ ಗ್ಯಾರೇಜಿಗೆ ಹೋಗಿ ಆ ಟೇಬಲ್ಲನ್ನು ಸರಿಯಾಗಿ ನೋಡಿದೆ. ಇದರಲ್ಲಿ ಇರುವುದೇನು? ಭಾರದ ಒಂದು ವಸ್ತು ಮೇಲೆ ಹೋಗಬೇಕು, ಕೆಳಗೆ ಬರಬೇಕು. ನಾನು ಹುಡುಗಿಯಾಗಿದ್ದಾಗ ದಿನಕ್ಕೆ ನೂರು ಸಲ ಮಾಡಿದ್ದು ಅದನ್ನೇ. ಕುಂದಾಪುರದ ಕಡೆಯ ಅಪ್ಪನ ಮನೆಯಲ್ಲಿ ಗೆಣಸಿನ ಗದ್ದೆಗೆ ನೀರು ಹಾಕಲು ನನ್ನನ್ನು ಶಾಲೆ ಬಿಡಿಸಿದರು. ಬಾವಿಗೆ ಏತ ಕಟ್ಟಿದ್ದರು. ಅಡ್ಡಮರದ ಒಂದು ತುದಿಗೆ ಕೊಡ, ಇನ್ನೊಂದು ತುದಿಗೆ ಕಲ್ಲು. ಖಾಲಿ ಕೊಡವನ್ನು ಒತ್ತಿ ಇಳಿಸಿದರೆ ಆಯಿತು, ತುಂಬಿದ ಕೊಡದ ಭಾರವನ್ನು ಹೆಚ್ಚುಕಡಿಮೆ ಕಲ್ಲೇ ಹೊರುತ್ತದೆ. ಹತ್ತು ವರ್ಷದ ಹುಡುಗಿಗೆ ಆಗುವ ಕೆಲಸ.

"ಹ್ವಾಯ್, ಈ ಟೇಬಲ್ಲಿಗೊಂದ್ ಏತ ಕಟ್ಟಿ."

"ಏತ ಕಟ್ಟುಕೆ ಇದೆಂತ ಗೆಣಸಿನ್ ಗದ್ದಿಯಾ? ಇದ್ ಇಂಜಿನಿಯರಿಂಗ್. ನಾಲ್ಕನೇ ಕ್ಲಾಸಿನ್ ಪಾಠ ಅಲ್ಲ."

"ನಾಲ್ಕನೇ ಕ್ಲಾಸಿನವ್ಳಿಗೆ ಹರ್ನಿಯಾ ಆಯ್ಲಿಲ್ಲೆ ಕಾಣಿ."

ಅವರು ಕತ್ತೆತ್ತಿ ಗ್ಯಾರೇಜಿನ ಸೂರು ನೋಡಿದರು. ಅಡ್ಡಮರಕ್ಕೆ ಜಾಗ ಇರಲಿಲ್ಲ, ಆದರೆ ಸೂರಿನ ತೊಲೆಗೆ ಎರಡು ರಾಟೆ ಹಾಕಬಹುದಿತ್ತು. ಟೇಬಲ್ಲಿಗೆ ಕಟ್ಟಿದ ಹಗ್ಗ ಮೊದಲ ರಾಟೆಗೆ ಏರಿ, ಎರಡನೆಯದನ್ನು ದಾಟಿ, ಗೋಡೆಯ ಬದಿಯಲ್ಲಿ ಇಳಿದು ಅಲ್ಲೊಂದು ಭಾರಕ್ಕೆ ಕಟ್ಟಿಕೊಳ್ಳುತ್ತದೆ. ಕೆಂಟನ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ನಾನೂ ಹೋದೆ. ಅಂಗಡಿಯ ಗುಜರಾತಿನವನು ರಾಟೆ ಯಾತಕ್ಕೆ ಎಂದು ಕೇಳಿದ. ಬಾವಿಗೆ ಎನ್ನಲು ನನಗೆ ಬಂದ ಇಂಗ್ಲಿಷಿನಲ್ಲಿ "ಫಾರ್ ವೆಲ್" ಎಂದೆ. ಕೆಂಟನ್ನಿನಲ್ಲಿ ಬಾವಿ ಇರುವ ಮನೆ ಯಾವ ಬೀದಿಯಲ್ಲಿ ಎಂದು ಅವನು ವಿಚಾರಿಸಿದ.

ಇನ್ನು ಭಾರಕ್ಕೆ ಏನು? ಪೇಂಟಿನ ಡಬ್ಬಿ ಸಾಲಲಿಲ್ಲ. ಇವರು ಕಬ್ಬಿಣ ಹುಡುಕುತ್ತ ತಿರುಗಿದರು. ನಮ್ಮ ಹಿಂಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಕುಳಿತಿದ್ದ ವಸ್ತು ಅವರ ಕಾಲಿಗೇ ತಾಗಿತು, ಆದರೂ ಕಾಣಲಿಲ್ಲ. ನನ್ನ ರುಬ್ಬುಗುಂಡು. ಊರಿನಿಂದ ಹಡಗಿನಲ್ಲಿ ತಂದ ರುಬ್ಬುವ ಕಲ್ಲು ಅದು. ಮಿಕ್ಸಿ ಬಂದ ಮೇಲೆ ಒರಳಿನಲ್ಲಿ ಪುದೀನ ಬೆಳೆಯಿತು, ಗುಂಡಿಗೆ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಇದು ಆಗುತ್ತದಲ್ಲ ಎಂದು ತೋರಿಸಿದೆ.

"ಅದಕ್ಕೆ ಹಗ್ಗ ಎಲ್ಲಿ ಕಟ್ಟುದ್? ನುಣ್ಣಗಿತ್ತಲೆ," ಎಂದರು.

ಬೆಣ್ಣೆಯ ಗಡಿಗೆಯನ್ನು ಬೆಕ್ಕಿಗೆ ಸಿಗದಂತೆ ತೂಗುಹಾಕುವುದು ನೆಲುವಿನಲ್ಲಿ. ಗಡಿಗೆಯೇನು ಒರಟಾಗಿರುತ್ತದೆಯೇ? ಬಟ್ಟೆ ಒಣಗಿಸುವ ಹಗ್ಗ ಕತ್ತರಿಸಿ, ಗಂಟು ಹಾಕಿ ಗುಂಡಿಗೊಂದು ನೆಲುವು ಹೆಣೆದೆ. ಅದರಲ್ಲಿ ಗುಂಡನ್ನು ಇಟ್ಟವಳೂ ನಾನೇ. ನನಗೆ ಜಿಪಿ ಏನೂ ಹೇಳಿರಲಿಲ್ಲ.

ಶುಕ್ರವಾರ ಎಲ್ಲ ಕಟ್ಟಿ ಮುಗಿಯಿತು. ಇವರು ಕನ್ನಡಕ ಸರಿ ಮಾಡಿಕೊಂಡು ಬೋಲ್ಟು ಸಡಿಲಿಸಿದರು. ಟೇಬಲ್ಲು ಬಾಣದ ಹಾಗೆ ಮೇಲಕ್ಕೆ ಹೋಗಿ ಮಷೀನಿನ ಮೂತಿಗೆ ಗುದ್ದಿತು. ಗುಂಡು ಸೀದಾ ಕೆಳಗೆ ಬಿತ್ತು. ಕೆಳಗೆ ಇದ್ದದ್ದು ಹಿಂದಿನ ದಿನ ತಂದಿದ್ದ ಕುಚ್ಚಲಕ್ಕಿಯ ಚೀಲ. ನೆಲ ಉಳಿಯಿತು, ಚೀಲ ಒಡೆಯಿತು. ಗ್ಯಾರೇಜಿನ ತುಂಬ ಕೆಂಪು ಅಕ್ಕಿ.

ಇವರು ಕೂದಲಿಂದ ಅಕ್ಕಿ ತೆಗೆಯುತ್ತ ಹೇಳಿದರು, "ನಿನ್ ಏತ ಲಾಯ್ಕಿತ್ತ್."

"ಎಲ್ಲರ್ ಮನಿ ಏತನೂ ಹಾಂಗೇ. ಕೊಡ ಖಾಲಿ ಇದ್ರೆ ಕಲ್ಲ್ ಕೆಳಗೆ ಬಪ್ಪುದೇ. ಕೊಡಕ್ಕೆ ನೀರ್ ತುಂಬ್ಸಿ."

"ಟೇಬಲ್ಲಿಗೆ ನೀರಾ?"

"ನಿಮ್ ಆ ವೈಸ್ ಇತ್ತಲೆ, ಅದನ್ನ್ ಟೇಬಲ್ಲಿಗೇ ಬೋಲ್ಟ್ ಹಾಕಿ ಬಿಡಿ. ಕಲ್ಲ್, ನೀರ್ ತುಂಬಿದ್ ಕೊಡಕ್ಕಿಂತ ಚೂರ್ ಹಗುರ ಇರ್ಕ್, ಖಾಲಿ ಕೊಡಕ್ಕಿಂತ ಭಾರ ಇರ್ಕ್. ಇದ್ ನಾಲ್ಕನೇ ಕ್ಲಾಸಿನದ್ದೂ ಅಲ್ಲ, ಶಾಲೆ ಬಿಟ್ಟ್ ಮೇಲೆ ಕಲ್ತದ್ದ್."

ವೈಸು ಎಂದರೆ ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ, ಅದಕ್ಕೂ ಒಳ್ಳೆಯ ತೂಕ. ನಾನು ಗುಂಡನ್ನು ಎತ್ತಿ ಹಿಡಿದೆ, ಟೇಬಲ್ಲು ಕೆಳಗೆ ಬಂತು, ಬಿಗಿದರು. ವೈಸನ್ನು ಅದರ ಮೇಲೆ ಇಟ್ಟೆ, ಅವರು ಬೋಲ್ಟು ಹಾಕಿದರು. ಮತ್ತೆ ಸಡಿಲಿಸುವಾಗ ನಾವಿಬ್ಬರೂ ಬಾಗಿಲ ಆಚೆ ಕಾಲಿಟ್ಟುಕೊಂಡಿದ್ದೆವು, ಅವರ ಒಂದು ಕೈ ಮಾತ್ರ ಒಳಗೆ. ಏನೂ ಆಗಲಿಲ್ಲ. ಟೇಬಲ್ಲು ಇದ್ದಲ್ಲೇ ನಿಂತಿತು. ಅವರು ಒಂದು ಬೆರಳು ಅಡಿಗೆ ಕೊಟ್ಟರು. ಏರಿತು. ಮೇಲಿನಿಂದ ಒಂದು ಬೆರಳು ಒತ್ತಿದರು. ಇಳಿಯಿತು. ಹಾಗೆ ಹತ್ತಿಪ್ಪತ್ತು ಸಲ ಮಾಡಿದರು. ನಾನು ಅಕ್ಕಿ ಗುಡಿಸಿದೆ. ಆ ಅಕ್ಕಿಯನ್ನು ನಾಲ್ಕು ಸಲ ತೊಳೆದು ಉಂಡೆವು, ಆದರೂ ಒಂದು ವಾರ ಗ್ರೀಸಿನ ವಾಸನೆ.

ಶನಿವಾರ ಮಗಳು ಬಂದಳು, ಹಿಂದೆಯೇ ವ್ಯಾನು ತೆಗೆದುಕೊಂಡು ಇಂಗ್ಲಿಷ್ ಮುದುಕ. ಮಗಳು ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

"ಅಮ್ಮ, ದಟ್ಸ್ ಅವರ್ ಡೋರ್‌ಸ್ಟಾಪ್. ಯಾಕೆ ನೇತಾಡ್ತಿದೆ?"

ಇವರು ಬೋಲ್ಟು ಸಡಿಲಿಸಿ ಕಿರುಬೆರಳಿನಿಂದ ಟೇಬಲ್ಲು ಎತ್ತಿ ತೋರಿಸಿದರು. ಮಗಳು ತಾನೇ ಎತ್ತಿ ನೋಡಿದಳು. ಅವಳ ಹಿಂದೆ ಆ ಮುದುಕನೂ ಎತ್ತಿದ, ಇಳಿಸಿದ, ನಗುತ್ತ ಮತ್ತೆ ಎತ್ತಿದ. ಅವನಿಗೆ ಬೆನ್ನುನೋವಂತೆ. ಈ ಮಷೀನು ಬೇಡ, ಮನೆಯಲ್ಲಿರುವ ತನ್ನ ಹಳೇ ಮಷೀನಿಗೂ ಇಂಥದ್ದೊಂದು ಮಾಡಿಕೊಡಿ ಎಂದ. ಆ ಭಾರ ಯಾವುದು ಎಂದು ಕೇಳಿದ್ದಕ್ಕೆ ನಮ್ಮ ಮನೆಯವರು ಗಂಭೀರವಾಗಿ "ಇಂಡಿಯನ್ ಕೌಂಟರ್‌ವೇಟ್" ಎಂದರು. "ಹೂ ಡಿಸೈನ್ಡ್ ಇಟ್?" ಎಂದದ್ದಕ್ಕೆ "ಐ ಡಿಡ್" ಎಂದರು.

ಮಗಳು ನನ್ನ ಮುಖ ನೋಡಿದಳು. ನೆಲುವಿನ ಗಂಟು ಯಾರದೆಂದು ಅವಳಿಗೆ ಗೊತ್ತು, ಅವಳ ತೊಟ್ಟಿಲು ಕಟ್ಟಿದ್ದೂ ಅದೇ ಗಂಟಿನಿಂದ. ಇರಲಿ ಬಿಡು ಎಂದು ಅವಳಿಗೆ ಕಣ್ಣು ಮಾಡಿದೆ. ಹೆಸರು ಅವರಿಗೆ ಬೇಕು, ಅಡುಗೆಮನೆ ನನಗೆ ಬೇಕು.

"ಓಕೆ, ಇಟ್ ಸ್ಟೇಸ್," ಎಂದಳು ಮಗಳು. "ಆದ್ರೆ ಅಪ್ಪಯ್ಯ, ಬೆರಳಲ್ಲಿ ಮಾತ್ರ."

ವ್ಯಾನು ಖಾಲಿಯೇ ಹೋಯಿತು. ಸೋಮವಾರ ಒಂಬತ್ತಕ್ಕೆ ಇವರು ಗ್ಯಾರೇಜಿಗೆ ಹೋದರು. ಆ ಸದ್ದು ಶುರುವಾದ ಮೇಲೆ ನಾನು ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ನನ್ನ ಪ್ರಕಾರ ಇಟ್ಟುಕೊಂಡೆ. ಚೀಟಿಗಳನ್ನು ಕೀಳಲಿಲ್ಲ. ಒಳಗಿನದ್ದನ್ನು ಮಾತ್ರ ಅದಲು ಬದಲು ಮಾಡಿದೆ. ಸಕ್ಕರೆ ಇದ್ದ ಡಬ್ಬಿಯಲ್ಲಿ ಕಡಲೆಬೇಳೆ, ಚಾ ಪುಡಿಯದರಲ್ಲಿ ಸಾಸಿವೆ. ನನಗೆ ಹೇಗೂ ಆ ಅಕ್ಷರ ಬರುವುದಿಲ್ಲ, ಡಬ್ಬಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಸಲ ಮಷೀನು ಕೆಟ್ಟು ಇವರು ಒಳಗೆ ಬಂದರೂ, ಚೀಟಿ ಓದಿ ಒಂದು ಲೋಟ ಚಾ ಕಾಸಿಕೊಳ್ಳಲು ಆಗಬಾರದು.