ಕೂಲರಿನ ತೊಟ್ಟಿಯೊಳಗಿನ ಸಂಸ್ಥಾನ

ಸಿಂಧನೂರಿನ ಬೇಸಿಗೆಯಲ್ಲಿ ಮನುಷ್ಯನ ಘನತೆಯನ್ನು ಅವನ ಕೂಲರಿನಿಂದ ಅಳೆಯಬೇಕು. ಆ ಲೆಕ್ಕದಲ್ಲಿ ನಾನು ನಮ್ಮ ಓಣಿಯ ಗಣ್ಯರಲ್ಲೊಬ್ಬ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದಾಗ ಕೊಂಡದ್ದು ಅದು. ಆಳೆತ್ತರದ ದೇಹ, ವಿಮಾನದ ಸದ್ದು, ಮೂರು ಕಡೆ ಹುಲ್ಲಿನ ಪ್ಯಾಡು, ಬುಡದಲ್ಲಿ ಎಮ್ಮೆಗರುವೊಂದು ಆರಾಮಾಗಿ ಮಲಗಬಹುದಾದಷ್ಟು ದೊಡ್ಡ ಪ್ಲಾಸ್ಟಿಕ್ ತೊಟ್ಟಿ.

ಹೋದ ವರ್ಷ ಯುಗಾದಿ ಕಳೆದು, ಕಾಲುವೆಗೆ ನೀರು ಬಿಡುವುದು ಬಂದ್ ಆಗುತ್ತಿದ್ದಂತೆ ಈ ಮಹಾಶಯ ನಾರತೊಡಗಿದ. ಮೊದಲು ಹಸಿ ಗೋಣಿಚೀಲದ ವಾಸನೆ, ಆಮೇಲೆ ಕೊಳೆತ ಕೆಸರಿನದು, ಕೊನೆಗೆ ಇಂಥದೆಂದು ಹೇಳಲಾಗದ್ದು. ಮನೆಯಾಕೆಗೆ ಕೆಮ್ಮು ಹತ್ತಿತು. ಕೂಲರು ಹಚ್ಚಿದರೆ ಕೆಮ್ಮು, ಆರಿಸಿದರೆ ಸೆಕೆ.

“ಈ ಮನ್ಯಾಗ ನಾ ಇರಬೇಕೋ, ಅದಿರಬೇಕೋ, ಹೇಳ್ರಿ,” ಎಂದಳು.

ಉತ್ತರಿಸುವುದು ಒಂದು ಕ್ಷಣ ತಡವಾಯಿತು. ಸೆಕೆ ಹಾಗಿತ್ತು. ಆಕೆ ಚೀಲ ತಗೊಂಡು ಲಿಂಗಸುಗೂರಿನ ಅಕ್ಕನ ಮನೆಗೆ ಹೊರಟೇಬಿಟ್ಟಳು.

ಮರುದಿನ ಆ ಅಕ್ಕನ ಫೋನು. “ಮಾಸ್ತರ್ರ, ಇಲ್ಲಿ ಬಂದಮ್ಯಾಲೆ ನನ್ನ ತಂಗಿ ಒಮ್ಮೆನೂ ಕೆಮ್ಮಿಲ್ಲ ನೋಡ್ರಿ. ಆ ನಾರೂ ಡಬ್ಬಿ ಅಲ್ಲಿರೂತನಕ ಆಕಿನ್ನ ಕಳಸಂಗಿಲ್ಲ. ನೀವು ಅದರ ಕೂಡನ ಸಂಸಾರ ಮಾಡ್ಕೋಂತ ಇರ್ರಿ.”

ಅಡುಗೆ ನನಗೂ ಬರುತ್ತದೆ ಎಂಬ ಹೆಮ್ಮೆ ಅಷ್ಟರಲ್ಲಾಗಲೇ ಅನ್ನದ ಜತೆ ತಳ ಹಿಡಿದಿತ್ತು. ಹೆಂಡತಿ ವಾಪಸು ಬರಬೇಕಾದರೆ ವಾಸನೆ ಹೋಗಬೇಕು.

ಮಸ್ಕಿಯಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ಬಾಲ್ಯದ ಗೆಳೆಯನಿಗೆ ಕಷ್ಟ ಹೇಳಿಕೊಂಡೆ. “ಇದಕ್ಯಾಕ ಫಿಕರ್ ಮಾಡ್ತೀಯಲೇ ಮಾಸ್ತರ್? ಖಸ್ ಅತ್ತರ್, ಅದ ನಿಮ್ಮ ಲಾವಂಚದ್ದು, ನಾಕು ಹನಿ ನೀರಿಗೆ ಬಿಡು. ಭಾಭಿ ಮುಂಜಾನಿ ಬಸ್ಸಿಗೇ ವಾಪಸ್!”

ಬಿಟ್ಟೆ. ಗಟಾರಕ್ಕೆ ಬಾಸಿಂಗ ಕಟ್ಟಿದಂತಾಯಿತು. ಗೆಳೆಯನೇ ಬಂದು ಮೂಸಿ, ಎರಡು ಹೆಜ್ಜೆ ಹಿಂದೆ ಸರಿದ. “ಯಾ ಅಲ್ಲಾ! ಈ ಅತ್ತರ್ ನನ್ನ ಅಂಗಡಿದು ಅಂತ ಯಾರ ಮುಂದೂ ಹೇಳಬ್ಯಾಡಲೇ.”

ಅನಂತರ ಬ್ಲೀಚಿಂಗ್ ಪುಡಿಯ ಪ್ರಯೋಗ. ನೀರಿಗೆ ಹಾಕಿದ ದಿನ ವಾಸನೆ ಅಡಗಿತು. ಲಿಂಗಸುಗೂರಿಗೆ ವಿಜಯವಾರ್ತೆ ಮುಟ್ಟಿಸಿದೆ. ಆಕೆ ಬಟ್ಟೆ ಮಡಚಿಟ್ಟುಕೊಳ್ಳುವಷ್ಟರಲ್ಲಿ ವಾಸನೆಯೇ ಮೊದಲು ಮನೆಗೆ ಮರಳಿತು. ಫೋನಿನ ಆಚೆ ಬದಿಯಲ್ಲಿ ಅಕ್ಕ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಕೊನೆಗೆ ಅಂಗಿಯ ತೋಳು ಮಡಚಿ ತೊಟ್ಟಿಗೇ ಕೈ ಹಾಕಿದೆ. ಒಳಗೋಡೆಗೆ ಬೆರಳು ಮುಟ್ಟಿದ್ದೇ ಜಾರಿತು. ನೆನೆದ ಸಬ್ಜಾ ಬೀಜದಂಥ ಲೋಳೆ. ಸಮಾಚಾರ ತಿಳಿಯಿತು. ಇಷ್ಟು ದಿನ ನಾನು ಮದ್ದು ಹಾಕಿದ್ದು ನೀರಿಗೆ, ರೋಗ ಇದ್ದದ್ದು ಗೋಡೆಗೆ.

ಬ್ಯಾಕ್ಟೀರಿಯಾಗಳೆಂದರೆ ನೀರಿನಲ್ಲಿ ಒಂಟಿಯಾಗಿ ತಿರುಗುವ ಬೈರಾಗಿಗಳೆಂದು ಜನ ತಿಳಿದಿದ್ದಾರೆ. ಅವು ಪಕ್ಕಾ ಸಂಸಾರಸ್ಥರು. ಒದ್ದೆ ಜಾಗ ಕಂಡರೆ ಅಂಟಿ ಕೂಡುತ್ತವೆ, ಸುತ್ತ ಲೋಳೆ ಸುರಿಸಿ ಕೋಟೆ ಕಟ್ಟುತ್ತವೆ. ಬಯೋಫಿಲ್ಮ್ ಎನ್ನುವುದು ಇದಕ್ಕೇ. ಒಳಗೆ ಅನ್ನ-ನೀರು ಹರಿಯಲು ಸಣ್ಣ ಕಾಲುವೆಗಳೂ ಇರುತ್ತವೆ. ನಮ್ಮ ಕಾಲುವೆ ಬಂದಾದರೂ ಅವುಗಳದು ಬಂದಾಗುವುದಿಲ್ಲ. ಮೇಲಿಂದ ಸುರಿದ ಬ್ಲೀಚಿಂಗ್ ಹೊರಗೋಡೆಯ ಕಾವಲಿನವರನ್ನು ಕೊಂದು ಸುಸ್ತಾಗುತ್ತದೆ. ಒಳಗಿನವರು ಒಂದು ನಿದ್ದೆ ತೆಗೆದು ಎದ್ದು, ಮತ್ತೆ ಪ್ರಜೆಗಳನ್ನು ನೀರಿಗೆ ಕಳಿಸುತ್ತಾರೆ. ಹಲ್ಲಿನ ಮೇಲಿನ ಪಾಚಿಯೂ ಇದೇ ಜಾತಿಯದು. ಬಾಯಿ ಮುಕ್ಕಳಿಸಿದರೆ ಹೋಗುತ್ತದೆಯೇ? ತಿಕ್ಕಲೇಬೇಕು.

ಈ ಸಂಸ್ಥಾನವನ್ನು ಸಾಕಿದ್ದು ನಮ್ಮೂರಿನ ಧರ್ಮವೇ. ಬೇಸಿಗೆ ಬಂತೆಂದರೆ ನಮ್ಮಲ್ಲಿ ನೀರು ಚೆಲ್ಲುವುದು ಪಾಪ. ಹಾಗಾಗಿ ಕೂಲರನ್ನು ಯಾರೂ ಬರಿದು ಮಾಡುವುದಿಲ್ಲ, ಕಡಿಮೆಯಾದಷ್ಟು ತುಂಬುತ್ತೇವೆ. ಶಿವರಾತ್ರಿಯ ನೀರಿನ ಮೇಲೆ ಯುಗಾದಿಯ ನೀರು.

ಮರುದಿನ ಬೆಳಿಗ್ಗೆ ಆ ಪಾಪಕ್ಕೆ ಕೈ ಹಾಕಿದೆ. ನುಗ್ಗೆಗಿಡದ ಬುಡಕ್ಕೆ ಬಕೆಟ್ಟಿನಿಂದ ಸುರಿಯುತ್ತಿದ್ದಾಗ ಪಕ್ಕದ ಮನೆಯ ಮುದುಕಿ ಕಾಂಪೌಂಡಿನಾಚೆಯಿಂದ ಕೂಗಿದಳು. “ಅಯ್ಯ ಮಾಸ್ತರ್ರ, ತಲಿಗಿಲಿ ಕೆಟ್ಟೈತೇನ್ರಿ? ಊರೆಲ್ಲ ಟ್ಯಾಂಕರಿಗೆ ಕಾಯಾಕತ್ತೈತಿ, ನೀವು ನೀರು ಚೆಲ್ಲಾಕತ್ತೀರಿ!”

“ಇದು ನೀರಲ್ಲ ಬೇ ದೊಡ್ಡವ್ವ. ಬಂದು ಮೂಸಿ ನೋಡು.”

ಬಂದಳು. ಮೂಸಿದಳು. ಸೆರಗು ಮೂಗಿಗೆ ಒತ್ತಿಕೊಂಡಳು. “ಚೆಲ್ರಿ, ಚೆಲ್ರಿ. ಲಗೂನ ಚೆಲ್ರಿ.”

ಧರ್ಮಾಧಿಕಾರಿಯ ಅಪ್ಪಣೆ ಸಿಕ್ಕಮೇಲೆ ಇನ್ನೇನು? ತೆಂಗಿನ ನಾರು, ಸಬಕಾರದ ಪುಡಿ ಹಿಡಿದು ಕೂತೆ. ಗೋಡೆ, ಮೂಲೆ, ಪಂಪಿನ ಜಾಳಿಗೆ ಎಲ್ಲ ತಿಕ್ಕಿದೆ. ಪೈಪಿನೊಳಗೆ ತಂತಿಗೆ ಬಟ್ಟೆ ಸುತ್ತಿ ಎಳೆದಾಗ ಬಂದ ವಸ್ತುವನ್ನು ವರ್ಣಿಸುವುದು ಸಭ್ಯತೆಯಲ್ಲ. ಆಮೇಲೆ ಅದೇ ಬ್ಲೀಚಿಂಗ್ ಪುಡಿಯ ನೀರನ್ನು ಬಳಿದು ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಕೋಟೆ ಒಡೆದ ಮೇಲೆ ಸೈನ್ಯಕ್ಕೆ ಕೆಲಸ ಹಗುರ. ಹಳೇ ಪ್ಯಾಡು ಎಸೆದು ಹೊಸವು ತಂದೆ. ತೊಟ್ಟಿಯನ್ನು ಮಾಳಿಗೆಯ ಬಿಸಿಲಿಗೆ ಬೋರಲು ಹಾಕಿದೆ. ಬೈಸಿಕೊಳ್ಳಲೆಂದೇ ಹುಟ್ಟಿದ ನಮ್ಮೂರ ಬಿಸಿಲು ಒಂದು ಹನಿ ತೇವ ಉಳಿಸಲಿಲ್ಲ. ಒಣಗಿದಲ್ಲಿ ಅವು ಸಂಸಾರ ಹೂಡಲಾರವು. ಇನ್ನು ಸೋಮವಾರಕ್ಕೊಮ್ಮೆ ಬರಿದು ಮಾಡಿ, ತಿಕ್ಕಿ, ಒಣಗಿಸುವುದೆಂದೂ, ಪಾಪ ಕಡಿಮೆಯಾಗಲೆಂದು ಅರ್ಧ ತೊಟ್ಟಿಯನ್ನಷ್ಟೇ ತುಂಬುವುದೆಂದೂ ಕಾನೂನು ಹೊರಡಿಸಿದೆ.

ಒಂದು ವಾರ ಕಾದೆ. ಯಾವ ವಾಸನೆಯೂ ತಲೆ ಎತ್ತಲಿಲ್ಲ. ಆಗಲೇ ಫೋನು ಮಾಡಿದ್ದು. ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಬಂದಳು, ಜತೆಗೆ ತನಿಖಾಧಿಕಾರಿಯಾಗಿ ಅಕ್ಕ.

“ಮೊದಲ ನಾ ಮೂಸ್ತೀನಿ,” ಎಂದು ಅಕ್ಕ ಕೂಲರಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಅವಳ ಹಿಂದೆ ಚಾಪೆಯ ಮೇಲೆ ಹೆಂಡತಿ ಒರಗಿದಳು. ನಾನು ಗುಂಡಿ ಒತ್ತಿ, ತೀರ್ಪಿಗೆ ಕಾಯುವ ಆರೋಪಿಯಂತೆ ಗೋಡೆಗಾನಿ ನಿಂತೆ. ಗಾಳಿ ಬಂತು. ಕೆಮ್ಮು ಬರಲಿಲ್ಲ. ಅಕ್ಕ ಎರಡು ಸಲ ಮೂಗೆಳೆದು, ಏನಾದರೊಂದು ಕೊರತೆ ಹುಡುಕಲೇಬೇಕೆಂಬಂತೆ ಬಾಯಿ ತೆರೆದಳು.

ಚಾಪೆಯಿಂದ, ಕಣ್ಣು ಮುಚ್ಚಿಕೊಂಡೇ, ಹೆಂಡತಿ ಹೇಳಿದಳು: “ಅಕ್ಕಾ, ಗಾಳಿಗೆ ಅಡ್ಡ ಕುಂತಿ ನೀ. ಆಕಡಿ ಸರಿ.”